ಮಲ್ಪೆಯನ್ನು ಮೊಂಬಾಸಾದವರು ಬಿಡಿಸಲಿ

ಪ್ರಶ್ನೆ: ನಾನು ಉಡುಪಿ ಹತ್ತಿರದ ಒಂದು ಪದವಿ ಕಾಲೇಜಿನಲ್ಲಿ ಆನಿಮೇಶನ್ ಕಲಿಸುತ್ತೇನೆ. ಕೀನ್ಯಾದ ಮೊಂಬಾಸಾ ಮತ್ತು ಜರ್ಮನಿಯ ಎಸೆನ್ ನಗರದ ಎರಡು ಕಾಲೇಜುಗಳ ಜೊತೆ ಸೇರಿ ಹವಾಮಾನ ಬದಲಾವಣೆ ಬಗ್ಗೆ 3 ನಿಮಿಷದ ಆನಿಮೇಶನ್ ಚಿತ್ರ ಮಾಡಬೇಕು ಎಂದಿದೆ. ಪ್ರತಿ ಕಡೆಯಿಂದ 4 ವಿದ್ಯಾರ್ಥಿಗಳು, ಒಟ್ಟು 12 ಜನ. ಕೈಯಲ್ಲಿರುವುದು 4 ತಿಂಗಳು. ಒಂದೊಂದು ದೇಶ ಒಂದೊಂದು ನಿಮಿಷ ಮಾಡಿ ಕೊನೆಗೆ ಜೋಡಿಸೋಣ ಎಂದು ಮಾತಾಗಿದೆ. ಇದು ಸರಿಯೇ? ಯಾವ ಸಾಫ್ಟ್‌ವೇರ್ ಬಳಸಬೇಕು? ವಿಜ್ಞಾನದಲ್ಲಿ ತಪ್ಪಾಗದ ಹಾಗೆ ನೋಡಿಕೊಳ್ಳುವುದು ಹೇಗೆ? ಎಲ್ಲರೂ ಸೇರಿ ಮಾಡಿದ ಕೆಲಸಕ್ಕೆ ಅಂಕ ಹೇಗೆ ಕೊಡುವುದು?

ಉತ್ತರ: ಮೇಡಂ, ಮೊದಲು ಆ ‘ಒಂದೊಂದು ದೇಶ ಒಂದೊಂದು ನಿಮಿಷ’ ಅನ್ನುವುದನ್ನು ಬಿಡಿ. ಹಂಚಿಕೊಳ್ಳುವುದಕ್ಕೆ ಅದು ಸುಲಭ, ನಿಜ. ಆದರೆ ಹಾಗೆ ಮಾಡಿದರೆ ಕೈಗೆ ಬರುವುದು ಒಂದು ಚಿತ್ರ ಅಲ್ಲ, ಮೂರು ಪುಟ್ಟ ಚಿತ್ರ. ಮೂರರ ಶುರುವೂ ಒಂದೇ ಥರ ಇರುತ್ತದೆ. ತಿರುಗುವ ಭೂಮಿ, ಹೊಗೆ ಬಿಡುವ ಚಿಮಣಿ, ಬಿರುಕು ಬಿಟ್ಟ ನೆಲ, ಕೊನೆಗೆ ಗಿಡ ನೆಡುವ ಮಗು. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಮಕ್ಕಳು ಒಬ್ಬರ ಜೊತೆ ಒಬ್ಬರು ಮಾತಾಡುವ ಅಗತ್ಯವೇ ಬರುವುದಿಲ್ಲ. ಮೊದಲ ವಿಡಿಯೋ ಕಾಲ್‌ನಲ್ಲಿ ಹೆಸರು ಹೇಳಿಕೊಳ್ಳುತ್ತಾರೆ, ಕೊನೆಯ ಕಾಲ್‌ನಲ್ಲಿ ಚಪ್ಪಾಳೆ ತಟ್ಟುತ್ತಾರೆ. ನಡುವೆ ಅವರವರ ಪಾಡಿಗೆ ಅವರು.

ತುಂಡು ತುಂಡಾಗಿ ಹಂಚಿಕೊಂಡೂ ಗೆದ್ದ ಉದಾಹರಣೆ ಇಲ್ಲ ಅಂತಲ್ಲ. ಜಪಾನಿನ ಕಿಹಾಚಿರೋ ಕವಾಮೊಟೊ 2003ರಲ್ಲಿ ‘ಫುಯು ನೋ ಹಿ’ ಎನ್ನುವ ಚಿತ್ರವನ್ನು 35 ಆನಿಮೇಟರ್‌ಗಳ ಕೈಯಲ್ಲಿ ಮಾಡಿಸಿದರು. ಅದರಲ್ಲಿ ರಷ್ಯಾದ ಯೂರಿ ನಾರ್ಸ್ಟೀನ್ ಸೇರಿದಂತೆ ಹೊರದೇಶದವರೂ ಇದ್ದರು. ಆದರೆ ಅದಕ್ಕೆ ಆಧಾರ 17ನೇ ಶತಮಾನದ ಕವಿ ಬಾಶೋ ಮತ್ತು ಗೆಳೆಯರು ಸೇರಿ ಕಟ್ಟಿದ ಸರಪಳಿ ಪದ್ಯ. ಒಬ್ಬ ಬಿಟ್ಟ ಜಾಗದಿಂದ ಇನ್ನೊಬ್ಬ ಎತ್ತಿಕೊಳ್ಳಬೇಕು. ನಮ್ಮ ಅಂತ್ಯಾಕ್ಷರಿ ಇದ್ದ ಹಾಗೆ ಅನ್ನಿ. ಕೊಂಡಿ ಮೊದಲೇ ಗಟ್ಟಿಯಾಗಿತ್ತು, ಜೊತೆಗೆ ಅವರೆಲ್ಲ ಪಳಗಿದ ಕೈಗಳು. ಡಿಗ್ರಿ ಮಕ್ಕಳಿಗೆ ಆ ದಾರಿ ಹೇಳಲು ನನಗೆ ಧೈರ್ಯ ಇಲ್ಲ.

ನಾನು ಹೇಳುವ ದಾರಿ ಬೇರೆ. ಯಾರೂ ತಮ್ಮ ಊರನ್ನು ತಾವೇ ಬಿಡಿಸಬಾರದು. ನಿಮ್ಮ ಕಡೆಯ ಮಲ್ಪೆ ಬಂದರಿನ ದೃಶ್ಯಗಳನ್ನು ಮೊಂಬಾಸಾದವರು ಮಾಡಲಿ. ಮೊಂಬಾಸಾದ ದೃಶ್ಯಗಳು ಎಸೆನ್‌ನವರಿಗೆ. ಎಸೆನ್‌ನ ದೃಶ್ಯಗಳು ನಿಮ್ಮ ಮಕ್ಕಳಿಗೆ. ತಮ್ಮ ಊರಿನ ಬಗ್ಗೆ ಪ್ರತಿ ತಂಡದ ಕೆಲಸ ಎರಡೇ. ರೆಫರೆನ್ಸ್ ಕಳಿಸುವುದು, ಅಂದರೆ ನೋಡಿ ಬಿಡಿಸಲು ಬೇಕಾದ ವಿಡಿಯೋ, ಫೋಟೋ ಕೊಡುವುದು; ಬಂದ ಶಾಟ್ ನೋಡಿ ಸರಿ ತಪ್ಪು ಹೇಳುವುದು.

ಇದು ನನ್ನ ಹೊಸ ಕಲ್ಪನೆಯೇನಲ್ಲ. ಜಪಾನಿನ ಯುಗೊ ಸಾಕೊ ಮತ್ತು ನಮ್ಮ ರಾಮ್ ಮೋಹನ್ ಸೇರಿ ರಾಮಾಯಣವನ್ನು ಆನಿಮೇಶನ್ ಮಾಡಿದ್ದು ನೆನಪಿರಬಹುದು. 1990ರ ದಶಕದ ಶುರುವಿನ ಆ ಚಿತ್ರ 2025ರ ಜನವರಿಯಲ್ಲಿ ನಮ್ಮ ಥಿಯೇಟರ್‌ಗಳಿಗೆ ಮತ್ತೆ ಬಂತು. ರಾಮಾಯಣ ನಮ್ಮದು, ಚಿತ್ರ ಬಿಡಿಸುವ ಕೈಗಳು ಹೆಚ್ಚಾಗಿ ಜಪಾನಿನವು. ಪಂಚೆ ಉಡುವುದು ಹೇಗೆ, ಪಾತ್ರಗಳು ನಡೆಯುವುದು ಹೇಗೆ, ಮಕ್ಕಳು ಹಿರಿಯರ ಕಾಲಿಗೆ ಬೀಳುವುದು ಹೇಗೆ ಎಂದು ಭಾರತದ ಆನಿಮೇಟರ್‌ಗಳು ಅವರಿಗೆ ತೋರಿಸಿಕೊಡಬೇಕಾಯಿತು. ನನ್ನ ಪ್ರಕಾರ ದೇಶ ದೇಶಗಳ ನಡುವಿನ ನಿಜವಾದ ಕೂಡು ಕೆಲಸ ನಡೆಯುವುದು ಅಲ್ಲೇ. ಪಂಚೆಯ ನೆರಿಗೆ ಎಲ್ಲಿ ಬೀಳುತ್ತದೆ ಅನ್ನುವ ಪ್ರಶ್ನೆಯಲ್ಲಿ.

ನಿಮ್ಮ ಚಿತ್ರಕ್ಕೆ ಇದನ್ನು ಇಳಿಸಿ ನೋಡೋಣ. ಮಲ್ಪೆ ಬಂದರಿನಲ್ಲಿ ಒಬ್ಬ ಹೆಂಗಸು ಮೀನಿನ ಬುಟ್ಟಿಯನ್ನು ತಲೆ ಮೇಲೆ ಇಟ್ಟುಕೊಂಡು ಎದ್ದು ನಡೆಯುವ ಶಾಟ್ ಇದೆ ಅಂದುಕೊಳ್ಳಿ. 4 ಸೆಕೆಂಡ್, 96 ಫ್ರೇಮ್. ಮೊಂಬಾಸಾದ ಹುಡುಗ ಇದನ್ನು ಮಾಡಬೇಕು. ನಿಮ್ಮವರು ಬಂದರಿಗೆ ಹೋಗಿ, ಆ ಅಮ್ಮನನ್ನು ಕೇಳಿ ಒಪ್ಪಿಗೆ ಪಡೆದು, ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ವಿಡಿಯೋ ಮಾಡಬೇಕು. ಬಟ್ಟೆ ಸುತ್ತಿ ಸಿಂಬಿ ಮಾಡಿಕೊಳ್ಳುವುದು, ಪಕ್ಕದವಳು ಬುಟ್ಟಿಗೆ ಒಂದು ಕೈ ಕೊಡುವುದು, ಎದ್ದ ಮೇಲೆ ಕುತ್ತಿಗೆ ಅಲ್ಲಾಡದೆ ಸೊಂಟ ಮಾತ್ರ ಆಡುವುದು, ಸೆರಗನ್ನು ಸಿಕ್ಕಿಸಿಕೊಂಡ ರೀತಿ, ಎಲ್ಲ ಅದರಲ್ಲಿ ಬರಬೇಕು. ಆ ಹುಡುಗನ ಮೊದಲ ಟೆಸ್ಟ್‌ನಲ್ಲಿ ಅವಳು ಮುಂದಕ್ಕೆ ಬಾಗಿ ನಡೆಯುತ್ತಿರಬಹುದು. ಬೆನ್ನ ಮೇಲೆ ಭಾರ ಹೊತ್ತವರು ಬಾಗುತ್ತಾರೆ, ತಲೆ ಮೇಲೆ ಹೊತ್ತವರು ನೆಟ್ಟಗೆ ನಿಲ್ಲುತ್ತಾರೆ. ನಿಮ್ಮ ವಿದ್ಯಾರ್ಥಿ 30ನೇ ಫ್ರೇಮಿನ ಮೇಲೆ ಕೆಂಪು ಗೆರೆ ಎಳೆದು ಬೆನ್ನನ್ನು ನೇರ ಮಾಡಿ ವಾಪಸ್ ಕಳಿಸುತ್ತಾನೆ. ದಿನಾ ನೋಡುತ್ತಿದ್ದ ನಡಿಗೆಯನ್ನು ಅವನೂ ಸರಿಯಾಗಿ ನೋಡುವುದು ಆವತ್ತೇ.

ಉಲ್ಟಾ ಕಡೆಯೂ ಹೀಗೇ. ಸುಮ್ನೆ ಬಿಟ್ಟರೆ ಕೀನ್ಯಾ ಅಂದ ಕೂಡಲೇ ಯಾರ ಕೈಯೂ ಸಿಂಹ, ಜಿರಾಫೆ ಬಿಡಿಸುತ್ತದೆ. ಭಾರತ ಅಂದರೆ ಆನೆ. ಮೊಂಬಾಸಾದ ಹಳೇ ಬಂದರು, ಪೋರ್ಚುಗೀಸರು ಕಟ್ಟಿದ ಫೋರ್ಟ್ ಜೀಸಸ್, ಲಿಕೋನಿಯ ಫೆರಿಗೆ ನುಗ್ಗುವ ಜನ, ಹೆಂಗಸರು ಸುತ್ತಿಕೊಳ್ಳುವ ಕಾಂಗಾ ಬಟ್ಟೆ, ಇವು ಎಸೆನ್‌ನವರ ಪುಸ್ತಕಕ್ಕೆ ಬರುವುದು ಮೊಂಬಾಸಾದವರು ಕಳಿಸಿದರೆ ಮಾತ್ರ.

ಈಗ ಕಥೆ. ‘ಹವಾಮಾನ ಬದಲಾವಣೆ’ ಅನ್ನುವುದು ಕಥೆಯಲ್ಲ, ಅದು ಒಂದು ಅಧ್ಯಾಯದ ಹೆಸರು. ನಿಮಗೆ ಸಿಕ್ಕಿರುವ ಮೂರು ಊರುಗಳನ್ನು ನೋಡಿ. ಅದೃಷ್ಟಕ್ಕೆ ಇವುಗಳ ನಡುವೆ ನಿಜವಾದ ನಂಟಿದೆ. ಅದನ್ನು ಬಿಟ್ಟು ಹಿಮಕರಡಿ ಹುಡುಕಿಕೊಂಡು ಹೋಗಬೇಡಿ.

ಮಲ್ಪೆ ಮತ್ತು ಮೊಂಬಾಸಾ ಒಂದೇ ಸಮುದ್ರದ ಎರಡು ದಡ. ಏಪ್ರಿಲ್ ಹೊತ್ತಿಗೆ ಕೀನ್ಯಾ ಕರಾವಳಿಯಲ್ಲಿ ದಕ್ಷಿಣದಿಂದ ‘ಕುಸಿ’ ಗಾಳಿ ಶುರುವಾಗುತ್ತದೆ. ಅದೇ ಗಾಳಿ ಸಮಭಾಜಕ ವೃತ್ತ ದಾಟಿ, ಸೊಮಾಲಿಯಾದ ಬದಿಯಲ್ಲಿ ತಿರುಗಿ, ಅರಬ್ಬಿ ಸಮುದ್ರದ ನೀರು ಕುಡಿದು ಜೂನ್‌ನಲ್ಲಿ ನಮ್ಮ ಘಟ್ಟಕ್ಕೆ ಬಂದು ಬಡಿಯುತ್ತದೆ. ಇದರಲ್ಲಿ ನೆಲದಿಂದ ಒಂದೂವರೆ ಕಿಲೋಮೀಟರ್ ಎತ್ತರದ ಸುಮಾರಿನಲ್ಲಿ ಜೋರಾಗಿ ಬೀಸುವ ಪಟ್ಟಿಯೊಂದಿದೆ. ಫಿಂಡ್ಲೇಟರ್ ಎನ್ನುವ ಹವಾಮಾನ ತಜ್ಞ 1969ರಲ್ಲಿ ಅದನ್ನು ವಿವರಿಸಿದ. ಅವನ ಹೆಸರಿನಲ್ಲೇ ಅದನ್ನು ಕರೆಯುವವರೂ ಇದ್ದಾರೆ. ಆನಿಮೇಟರ್‌ಗೆ ಇದಕ್ಕಿಂತ ಒಳ್ಳೆಯ ಕ್ಯಾಮೆರಾ ಬೇಕೆ? ಗಾಳಿಯ ಜೊತೆ ಹೊರಟರೆ ಕಟ್ ಇಲ್ಲದೆ ಮೊಂಬಾಸಾದಿಂದ ಮಲ್ಪೆಗೆ ಬರಬಹುದು.

2019 ಇಸವಿಯನ್ನು ಚಿತ್ರದ ಬೆನ್ನೆಲುಬಾಗಿ ಇಟ್ಟುಕೊಳ್ಳಿ ಅನ್ನುತ್ತೇನೆ. ಆ ವರ್ಷ ಹಿಂದೂ ಮಹಾಸಾಗರದ ಡೈಪೋಲ್ ವಿಪರೀತ ಜೋರಾಗಿತ್ತು. ಸಾಗರದ ಆಫ್ರಿಕಾ ಕಡೆ ನೀರು ಬಿಸಿಯಾಗಿ, ಸುಮಾತ್ರಾ ಕಡೆ ತಣ್ಣಗಾಗುವ ಏರುಪೇರು ಅದು. ಎನ್.ಎಚ್. ಸಾಜಿ, ಜಪಾನಿನ ಯಮಗಾಟಾ ಮತ್ತು ಜೊತೆಗಾರರು 1999ರಲ್ಲಿ ಇದನ್ನು ಗುರುತಿಸಿ ಬರೆದರು. 2019ರಲ್ಲಿ ಏನೇನಾಯಿತು ನೋಡಿ. ಆಗಸ್ಟ್‌ನಲ್ಲಿ ಕರ್ನಾಟಕದಲ್ಲಿ ನೆರೆ. ಅಕ್ಟೋಬರ್ ಕೊನೆಗೆ ಕ್ಯಾರ್ ಮತ್ತು ಮಹಾ ಎನ್ನುವ ಎರಡು ಚಂಡಮಾರುತಗಳು ಅರಬ್ಬಿ ಸಮುದ್ರದಲ್ಲಿ ಒಟ್ಟೊಟ್ಟಿಗೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಪೂರ್ವ ಆಫ್ರಿಕಾದಲ್ಲಿ ಮಳೆಯೋ ಮಳೆ, ಕೀನ್ಯಾದಲ್ಲಿ ನೆರೆ, ಗುಡ್ಡ ಕುಸಿತ. ಡಿಸೆಂಬರ್‌ನಲ್ಲಿ ಪವನ್ ಚಂಡಮಾರುತ ಸೊಮಾಲಿಯಾಕ್ಕೆ ಅಪ್ಪಳಿಸಿತು. ನಿಮ್ಮ ಮಕ್ಕಳಿಗೂ ಅಲ್ಲಿಯ ಮಕ್ಕಳಿಗೂ ಆ ವರ್ಷದ ನೆನಪಿರುತ್ತದೆ. ಮನೆಯವರ ಮೊಬೈಲಿನಲ್ಲಿ ಫೋಟೋಗಳೂ ಇರುತ್ತವೆ.

ಎಸೆನ್ ಎಲ್ಲಿ ಬಂತು ಅಂದಿರಾ? ಎಸೆನ್ ಕಲ್ಲಿದ್ದಲಿನ ಊರು. ಅಲ್ಲಿನ ತ್ಸೋಲ್‌ಫರೈನ್ ಗಣಿ 1986ರಲ್ಲಿ ಮುಚ್ಚಿ, 2001ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಪಕ್ಕದ ಬೊಟ್ರೊಪ್‌ನಲ್ಲಿದ್ದ ಜರ್ಮನಿಯ ಕೊನೆಯ ಕಪ್ಪು ಕಲ್ಲಿದ್ದಲು ಗಣಿ ನಿಂತದ್ದು 2018ರ ಡಿಸೆಂಬರ್‌ನಲ್ಲಿ. ಗಣಿ ನಿಂತರೂ ಹೊಗೆಯ ಲೆಕ್ಕ ಮುಗಿದಿಲ್ಲ. ಬಿಟ್ಟ ಇಂಗಾಲದ ಡೈಆಕ್ಸೈಡಿನ ಒಂದು ಪಾಲು ನೂರಾರು ವರ್ಷ ಗಾಳಿಯಲ್ಲೇ ಉಳಿಯುತ್ತದೆ. ಅಂದರೆ ನೂರು ವರ್ಷದ ಹಿಂದೆ ಅಲ್ಲಿ ಉರಿದ ಕಲ್ಲಿದ್ದಲಿನ ಅನಿಲ ಇವತ್ತೂ ಮೇಲೆ ಇದೆ. ಅದು ಹಿಡಿದಿಟ್ಟ ಹೆಚ್ಚುವರಿ ಶಾಖದಲ್ಲಿ 90 ಪರ್ಸೆಂಟ್‌ಗೂ ಜಾಸ್ತಿ ಹೋಗಿ ಸೇರುವುದು ಸಮುದ್ರಕ್ಕೆ. ಎಸೆನ್‌ನ ಗಣಿ, ಬಿಸಿಯಾದ ಸಮುದ್ರ, ಮೊಂಬಾಸಾ, ಮಲ್ಪೆ. ಕಾರಣದಿಂದ ಪರಿಣಾಮದವರೆಗೆ ಒಂದೇ ಎಳೆ ಸಿಕ್ಕಿತು.

ಇಲ್ಲಿ ಒಂದು ಜಗಳ ಬಂದೇ ಬರುತ್ತದೆ. ಬರಲಿ. ತಲಾ ಲೆಕ್ಕದಲ್ಲಿ ಜರ್ಮನಿಯವರು ವರ್ಷಕ್ಕೆ ಸುಮಾರು 7 ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ನಾವು 2 ಟನ್ ಆಸುಪಾಸು. ಕೀನ್ಯಾದವರು ಅರ್ಧ ಟನ್ನಿಗೂ ಕಡಿಮೆ. ಇದನ್ನು ನೋಡಿದ ಕೂಡಲೇ ಎಸೆನ್ ಮಕ್ಕಳನ್ನು ಖಳನಾಯಕರ ಜಾಗದಲ್ಲಿ ಕೂರಿಸುವ ಆಸೆ ಆಗುತ್ತದೆ. ಅವರೋ ಪಾಪಪ್ರಜ್ಞೆಯಿಂದ ಎಲ್ಲದಕ್ಕೂ ಹೂಂ ಅನ್ನಲು ಶುರು ಮಾಡಬಹುದು. ಎರಡೂ ಚಿತ್ರಕ್ಕೆ ಒಳ್ಳೆಯದಲ್ಲ. 2021ರ ಜುಲೈಯಲ್ಲಿ ಅವರ ಕಡೆಯೂ ಆರ್ ಕಣಿವೆಯ ಪ್ರವಾಹ ಬಂತು. ಜರ್ಮನಿಯಲ್ಲಿ 180ಕ್ಕೂ ಹೆಚ್ಚು ಜನ ಸತ್ತರು. ಇನ್ನು ನಾವು ಬರೀ ನೊಂದವರು ಅನ್ನುವಂತಿಲ್ಲ. ಒಟ್ಟು ಲೆಕ್ಕದಲ್ಲಿ ಭಾರತ ಜಗತ್ತಿನಲ್ಲೇ ಮೂರನೆಯದು. ನಿಮ್ಮ ಜಿಲ್ಲೆಯ ಎಲ್ಲೂರಿನಲ್ಲೇ 1200 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಇದೆ, ಹಡಗಿನಲ್ಲಿ ತಂದ ಕಲ್ಲಿದ್ದಲಿಗೆಂದು ಕಟ್ಟಿದ್ದು. ಮೊಂಬಾಸಾದಿಂದ ಉತ್ತರಕ್ಕಿರುವ ಲಾಮುವಿನಲ್ಲೂ ಅಂಥದೊಂದು ಸ್ಥಾವರ ಕಟ್ಟಲು ಹೊರಟಿದ್ದರು. 2019ರಲ್ಲಿ ಅಲ್ಲಿನ ಪರಿಸರ ನ್ಯಾಯಮಂಡಳಿ ಅದರ ಪರವಾನಗಿ ರದ್ದು ಮಾಡಿತು. ಹೀಗಾಗಿ ಚಿಮಣಿಯನ್ನು ಎಸೆನ್‌ನಲ್ಲಿ ಮಾತ್ರ ಬಿಡಿಸಬೇಕಿಲ್ಲ. ಎಸೆನ್‌ನ ಗಣಿ ಗೋಪುರ ಕ್ರಮೇಣ ಎಲ್ಲೂರಿನ ಚಿಮಣಿಯಾಗುವ ಒಂದು ಮಾರ್ಫ್ ಶಾಟ್ ಹಾಕಿದರೆ ಅರ್ಧ ಜಗಳ ಅದೇ ಮುಗಿಸುತ್ತದೆ.

ವಿಜ್ಞಾನದ ಬಗ್ಗೆ ಕೇಳಿದ್ದೀರಿ. ವಿದ್ಯಾರ್ಥಿಗಳ ಚಿತ್ರಗಳಲ್ಲಿ ಪದೇ ಪದೇ ಬರುವ ತಪ್ಪುಗಳು ಹೆಚ್ಚಿಲ್ಲ, ಅವೇ ನಾಲ್ಕೈದು. ಓಝೋನ್ ರಂಧ್ರದಿಂದ ಬಿಸಿಲು ಒಳಗೆ ಬಂದು ಭೂಮಿ ಬಿಸಿಯಾಗುತ್ತದೆ ಎಂದು ತೋರಿಸುವುದು. ಅದು ಬೇರೆ ಸಮಸ್ಯೆ. ಸಮುದ್ರದ ಪ್ಲಾಸ್ಟಿಕ್ಕನ್ನು ಇದರೊಳಗೆ ತುರುಕುವುದು. ಅದೂ ಬೇರೆ. ತೇಲುವ ಹಿಮ ಕರಗಿ ಸಮುದ್ರ ಏರಿತು ಅನ್ನುವುದು. ಲೋಟದಲ್ಲಿ ತೇಲುವ ಐಸ್ ಕರಗಿದರೆ ನೀರು ಚೆಲ್ಲುವುದಿಲ್ಲ ಅಲ್ವಾ? ಮಟ್ಟ ಏರುವುದು ನೆಲದ ಮೇಲಿನ ಹಿಮ ಕರಗಿದಾಗ, ಮತ್ತು ಬಿಸಿಗೆ ನೀರೇ ಹಿಗ್ಗಿದಾಗ. 1901ರಿಂದ 2018ರವರೆಗೆ ಸರಾಸರಿ ಏರಿಕೆ ಸುಮಾರು 20 ಸೆಂಟಿಮೀಟರ್. ನಿಮ್ಮ ಚಿತ್ರದಲ್ಲಿ ಸುನಾಮಿಯಂಥ ಅಲೆ ಎದ್ದು ಊರು ನುಂಗಿದರೆ ಆ ಶಾಟ್ ಚೆನ್ನಾಗಿ ಕಾಣಬಹುದು, ಆದರೆ ಸುಳ್ಳು.

ನಿಮ್ಮ ಕಥೆಗೆ ಸಂಬಂಧಿಸಿ ಎರಡು ಮಾತು ವಿಶೇಷವಾಗಿ ಹೇಳಬೇಕು. ಡೈಪೋಲ್ ಅನ್ನುವುದೇ ಹವಾಮಾನ ಬದಲಾವಣೆ ಅಲ್ಲ. ಅದು ಮೊದಲಿನಿಂದಲೂ ಆಗಾಗ ಬಂದು ಹೋಗುತ್ತಿದ್ದ ತೂಗಾಟ. ಬದಲಾಗಿರುವುದು ಅದರ ಅಡಿಯಲ್ಲಿರುವ ಸಮುದ್ರ, ಅದು ಮೊದಲಿಗಿಂತ ಬಿಸಿ. ಜೊತೆಗೆ ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು 7 ಪರ್ಸೆಂಟ್ ಜಾಸ್ತಿ ನೀರಾವಿ ಹಿಡಿಯಬಲ್ಲದು. ಅದಕ್ಕೇ ಸುರಿದರೆ ಒಮ್ಮೆಲೇ ಸುರಿಯುತ್ತದೆ. ‘ಇದರಿಂದಲೇ ನೆರೆ ಬಂತು’ ಎನ್ನುವ ಬದಲು ‘ಇದರಿಂದ ನೆರೆ ಜೋರಾಗುವ ಸಾಧ್ಯತೆ ಹೆಚ್ಚಿತು’ ಅನ್ನುವ ಹದದಲ್ಲಿ ಕಥೆ ಇರಲಿ. ಎರಡನೆಯದು ಮೀನು. ಬೂತಾಯಿ ಸಿಗುತ್ತಿಲ್ಲ ಎಂದು ತೋರಿಸುವ ಆಸೆ ನಿಮ್ಮವರಿಗೆ ಬಂದೇ ಬರುತ್ತದೆ. ಬೂತಾಯಿ ಒಂದು ವರ್ಷ ರಾಶಿ ಬಿದ್ದು ಇನ್ನೊಂದು ವರ್ಷ ಪತ್ತೆಯೇ ಇಲ್ಲದ ಮೀನು. ಅದರಲ್ಲಿ ಎಲ್ ನಿನೋ ವರ್ಷಗಳ ಪಾಲೂ ಇದೆ, ಅತಿಯಾಗಿ ಹಿಡಿದದ್ದರ ಪಾಲೂ ಇದೆ. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿದರೆ ಬಂದರಿನವರೇ ನಗುತ್ತಾರೆ. ಕೇಂದ್ರ ಸರ್ಕಾರದ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐಯ ಕೇಂದ್ರ ಮಂಗಳೂರಿನಲ್ಲೇ ಇದೆ. ಅನಿಮ್ಯಾಟಿಕ್ (ಸ್ಟೋರಿಬೋರ್ಡಿನ ಚಿತ್ರಗಳನ್ನು ಸಮಯಕ್ಕೆ ಸರಿಯಾಗಿ ಜೋಡಿಸಿದ ಕಚ್ಚಾ ವಿಡಿಯೋ) ತಯಾರಾದ ಮೇಲೆ ಅಲ್ಲಿಯ ಒಬ್ಬ ವಿಜ್ಞಾನಿಗೆ ತೋರಿಸಿ. ಸಮುದ್ರದ ಮೇಲ್ಮೈ ಬಿಸಿಯ ನಕ್ಷೆಗಳಿಗೆ ಹೈದರಾಬಾದಿನ ಇನ್‌ಕಾಯ್ಸ್ ಇದೆ. ಎಲ್ಲಿ ಮೀನು ಸಿಗಬಹುದು ಎಂದು ಮೀನುಗಾರರಿಗೆ ಸೂಚನೆ ಕೊಡುವುದೂ ಅದೇ ಸಂಸ್ಥೆ.

ಅಂಕಿ ಅಂಶ ತೋರಿಸಲೇಬೇಕು ಅಂದರೆ ಅದನ್ನೂ ಚಲನೆಯಾಗಿ ನೋಡಿ. ರೀಡಿಂಗ್ ವಿಶ್ವವಿದ್ಯಾಲಯದ ವಿಜ್ಞಾನಿ ಎಡ್ ಹಾಕಿನ್ಸ್ 2016ರಲ್ಲಿ ಭೂಮಿಯ ತಾಪಮಾನವನ್ನು ಸುತ್ತಿ ಸುತ್ತಿ ಹಿಗ್ಗುವ ಸುರುಳಿಯಾಗಿ ಆನಿಮೇಶನ್ ಮಾಡಿದರು. ಅದೇ ವರ್ಷದ ರಿಯೋ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಅದು ಕಾಣಿಸಿಕೊಂಡಿತು. ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ 1958ರಿಂದ ಅಳೆಯುತ್ತಿರುವ ಇಂಗಾಲದ ಡೈಆಕ್ಸೈಡಿನ ಗೆರೆ ಇನ್ನೂ ಸೊಗಸು. ಪ್ರತಿ ವರ್ಷ ಗಿಡಮರ ಚಿಗುರಿದಾಗ ಇಳಿಯುತ್ತದೆ, ಎಲೆ ಉದುರಿದಾಗ ಏರುತ್ತದೆ. ಹೀಗೆ ಉಸಿರಾಡುತ್ತಲೇ 315ರಿಂದ 420 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅಷ್ಟು ಪಾಲು) ದಾಟಿದೆ. ಆ ಗೆರೆಯ ಲಯಕ್ಕೇ ಇಡೀ ಚಿತ್ರದ ಎಡಿಟಿಂಗ್ ಕೂರಿಸಬಹುದು.

ಇನ್ನು ಕೆಲಸದ ಲೆಕ್ಕ. 3 ನಿಮಿಷ ಅಂದರೆ ಸೆಕೆಂಡಿಗೆ 24ರಂತೆ 4320 ಫ್ರೇಮ್. ಎರಡೆರಡು ಫ್ರೇಮಿಗೆ ಒಂದು ಚಿತ್ರ ಅಂದರೂ 2160 ಚಿತ್ರ. ಕ್ಲಾಸು, ಪರೀಕ್ಷೆ ನಡುವೆ ಒಬ್ಬ ವಿದ್ಯಾರ್ಥಿ ವಾರಕ್ಕೆ ಎರಡರಿಂದ ಮೂರು ಸೆಕೆಂಡ್ ಶುದ್ಧವಾಗಿ ಮಾಡಿದರೆ ದೊಡ್ಡದು. 12 ಜನರಲ್ಲಿ 6 ಜನ ಆನಿಮೇಶನ್‌ಗೆ, ಉಳಿದವರು ಬ್ಯಾಕ್‌ಗ್ರೌಂಡ್, ಬಣ್ಣ, ಕಂಪೋಸಿಟಿಂಗ್ (ಪದರಗಳನ್ನು ಒಂದು ಫ್ರೇಮಿಗೆ ಜೋಡಿಸುವುದು), ಸೌಂಡ್‌ಗೆ. ಆರು ವಾರದಲ್ಲಿ ಕೈಗೆ ಬರುವುದು 90 ಸೆಕೆಂಡ್. ಹಾಗಾಗಿ ಚಿತ್ರ 90 ಸೆಕೆಂಡ್ ಇರಲಿ. 3 ನಿಮಿಷ ಅಂತ ಹಟ ಹಿಡಿದರೆ ಕೊನೆಯ ವಾರ ಯಾರೋ ಇಬ್ಬರು ರಾತ್ರಿಯಿಡೀ ಕೂತು ಎಲ್ಲರದ್ದೂ ಮುಗಿಸುತ್ತಾರೆ. ಆ ಇಬ್ಬರು ಯಾರು ಅಂತ ನಿಮಗೆ ಈಗಲೇ ಗೊತ್ತಿರುತ್ತದೆ.

ಉಳಿದ ವಾರಗಳಲ್ಲಿ ಮೊದಲಿನ ಎರಡು ಬರೀ ರೆಫರೆನ್ಸ್ ಕಳಿಸುವುದಕ್ಕೆ. ಆಮೇಲೆ ಕಥೆ, ಸ್ಟೋರಿಬೋರ್ಡ್, ಅನಿಮ್ಯಾಟಿಕ್‌ಗೆ ನಾಲ್ಕು ವಾರ. ಅನಿಮ್ಯಾಟಿಕ್ ಒಮ್ಮೆ ಮೂರೂ ಕಡೆ ಒಪ್ಪಿಗೆಯಾದ ಮೇಲೆ ಬೀಗ ಹಾಕಿ. ಆಮೇಲೆ ಯಾರಿಗೆ ಎಷ್ಟೇ ಒಳ್ಳೆಯ ಐಡಿಯಾ ಬಂದರೂ ಮುಂದಿನ ಚಿತ್ರಕ್ಕೆ. ಒಂದೇ ಕ್ಲಾಸಿನಲ್ಲಾದರೆ ಶಾಟ್ ಉದ್ದ ಬದಲಾದದ್ದನ್ನು ಕೂಗಿ ಹೇಳಬಹುದು. ಮೂರು ದೇಶದಲ್ಲಿ ಅದು ಒಬ್ಬನಿಗೆ ತಿಳಿಯದೇ ಹೋದರೆ ಅವನ ಒಂದು ವಾರ ನೀರಿನಲ್ಲಿ ಹೋಮ.

ಸಭೆಗೆ ನಮ್ಮ ಮಧ್ಯಾಹ್ನ ಎರಡೂವರೆ ಒಳ್ಳೆಯ ಹೊತ್ತು. ಆಗ ಮೊಂಬಾಸಾದಲ್ಲಿ 12 ಗಂಟೆ, ಎಸೆನ್‌ನಲ್ಲಿ ಚಳಿಗಾಲದಲ್ಲಿ ಬೆಳಗ್ಗೆ 10, ಬೇಸಿಗೆಯಲ್ಲಿ 11. ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ತಿರುಗಿಸುತ್ತಾರೆ, ಆ ಸೋಮವಾರ ಯಾರಾದರೂ ತಪ್ಪುವುದು ಖಂಡಿತ. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಬೆಳಗ್ಗೆ 6ರಿಂದ. ನಮ್ಮ 7 ಗಂಟೆ ಅವರಿಗೆ ಒಂದು ಗಂಟೆ. ಇಂಗ್ಲಿಷ್‌ನಲ್ಲಿ ಬರೆಯುವಾಗ ಅವರು ಮಾಮೂಲಿ ಗಡಿಯಾರವನ್ನೇ ಬಳಸುತ್ತಾರೆ. ಆದರೂ ಆತುರದಲ್ಲಿ ಆರು ಗಂಟೆ ಆಚೀಚೆ ಆಗದಂತೆ 24 ಗಂಟೆಯ ಲೆಕ್ಕದಲ್ಲಿ, ಮೂರೂ ಊರಿನ ಹೊತ್ತು ಹಾಕಿ ಕಳಿಸಿ. ದೀಪಾವಳಿ, ಕ್ರಿಸ್‌ಮಸ್, ರಂಜಾನ್, ಮೂರೂ ಕಡೆಯ ಪರೀಕ್ಷೆಗಳು, ಇವನ್ನೆಲ್ಲ ಮೊದಲ ದಿನವೇ ಒಂದು ಕ್ಯಾಲೆಂಡರಿಗೆ ಇಳಿಸಿ. ಜೂನ್ ಜುಲೈ ಆದರೆ ನಿಮ್ಮ ಕಡೆಯ ಕರೆಂಟನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮೂರೂ ಕಡೆ ಲೈಸೆನ್ಸ್ ಖರ್ಚಿಲ್ಲದೆ ಸಿಗುವುದು ಇರಲಿ, ಅಷ್ಟೇ. 2ಡಿಗೆ ಓಪನ್‌ಟೂನ್ಜ್ ಅಥವಾ ಬ್ಲೆಂಡರ್‌ನ ಗ್ರೀಸ್ ಪೆನ್ಸಿಲ್, ಬ್ಯಾಕ್‌ಗ್ರೌಂಡಿಗೆ ಕ್ರಿಟಾ. ಜಪಾನಿನ ಜಿಬ್ಲಿ ಸ್ಟುಡಿಯೋ ಬಳಸುತ್ತಿದ್ದ ಟೂನ್ಜ್ ಸಾಫ್ಟ್‌ವೇರೇ 2016ರಲ್ಲಿ ಓಪನ್‌ಟೂನ್ಜ್ ಆಗಿ ಎಲ್ಲರಿಗೂ ಸಿಕ್ಕಿದ್ದು. ಬ್ಲೆಂಡರ್ ಸಾಲದು ಅನ್ನುವವರಿಗೆ ‘ಫ್ಲೋ’ ಚಿತ್ರ ತೋರಿಸಿ. ಲಾಟ್ವಿಯಾ, ಫ್ರಾನ್ಸ್, ಬೆಲ್ಜಿಯಂ ಸೇರಿ ಬ್ಲೆಂಡರ್‌ನಲ್ಲಿ ಮಾಡಿದ್ದು, 2025ರಲ್ಲಿ ಆಸ್ಕರ್ ಗೆದ್ದಿತು. ಉಕ್ಕಿ ಬಂದ ನೀರಿನ ನಡುವೆ ಒಂದು ಬೆಕ್ಕು, ಮಾತು ಒಂದೂ ಇಲ್ಲ. ನಿಮಗೂ ಅದನ್ನೇ ಹೇಳುತ್ತೇನೆ. ಸಂಭಾಷಣೆ ಬೇಡ. ಕನ್ನಡ, ತುಳು, ಸ್ವಾಹಿಲಿ, ಜರ್ಮನ್ ನಡುವೆ ಎಲ್ಲರ ಅರೆಬರೆ ಇಂಗ್ಲಿಷ್‌ನಲ್ಲಿ ಬರೆದ ಡೈಲಾಗ್ ಯಾರ ಬಾಯಿಗೂ ಕೂರುವುದಿಲ್ಲ. ಅದರ ಬದಲು ಮಲ್ಪೆಯ ಹರಾಜಿನ ಕೂಗು, ಬೋಟಿನ ಎಂಜಿನ್, ಲಿಕೋನಿ ಫೆರಿಯ ಹಾರ್ನ್, ಇವನ್ನು ಸ್ಥಳದಲ್ಲೇ ರೆಕಾರ್ಡ್ ಮಾಡಿ ತನ್ನಿ.

ಬ್ಲೆಂಡರ್‌ನ ಯಾವ ಆವೃತ್ತಿ ಎಂದು ತೀರ್ಮಾನಿಸಿ, ಮುಗಿಯುವವರೆಗೆ ಯಾರೂ ಅಪ್‌ಡೇಟ್ ಮಾಡಬಾರದು. 24 ಫ್ರೇಮ್, 1920×1080, ಎಲ್ಲರಿಗೂ ಒಂದೇ ಬಣ್ಣದ ಫೈಲ್, ಒಂದೇ ಬ್ರಶ್. ಫೈಲಿನ ಹೆಸರಲ್ಲಿ ಶಾಟ್ ನಂಬರ್, ಕೆಲಸದ ಹಂತ, ಆವೃತ್ತಿ ನಂಬರ್, ಈ ಮೂರೇ ಇರಲಿ. ‘ಫೈನಲ್’ ಅನ್ನುವ ಪದಕ್ಕೆ ನಿಷೇಧ. ಮುಗಿದ ಶಾಟ್ ಪಿಎನ್‌ಜಿ ಸೀಕ್ವೆನ್ಸ್ ಆಗಿ, ಅಂದರೆ ಒಂದೊಂದು ಫ್ರೇಮೂ ಬೇರೆ ಬೇರೆ ಚಿತ್ರದ ಫೈಲ್ ಆಗಿ ಬರಲಿ, ವಿಡಿಯೋ ಆಗಿ ಬೇಡ. ವಾಟ್ಸಾಪ್‌ನಲ್ಲಿ ಹರಟಿ, ಆದರೆ ಶಾಟ್ ಕಳಿಸಬೇಡಿ, ಅದು ಚಿತ್ರವನ್ನು ಹಿಂಡಿಬಿಡುತ್ತದೆ. ಬ್ಯಾಕ್‌ಗ್ರೌಂಡ್‌ಗಳನ್ನು ಎಐಯಿಂದ ಮಾಡಿಸೋಣ ಎಂದು ಯಾರಾದರೂ ಕೇಳುತ್ತಾರೆ. ಮಲ್ಪೆ ಯಾವುದೋ ಒಂದು ಬೀಚ್‌ನಂತೆ ಕಂಡರೆ ಸಾಕು ಅನ್ನುವುದಾದರೆ ಇಷ್ಟೆಲ್ಲ ಪಾಡು ಯಾಕೆ?

ವಿಮರ್ಶೆಯ ವಿಚಾರದಲ್ಲಿ ನಮ್ಮ ಮಕ್ಕಳಿಗೆ ಸ್ವಲ್ಪ ತಯಾರಿ ಬೇಕು. ಕಾಲ್‌ನಲ್ಲಿ ವಿದೇಶಿ ಮೇಷ್ಟ್ರು ಏನು ಹೇಳಿದರೂ ‘ಯೆಸ್ ಸರ್’ ಅಂದು ಸುಮ್ಮನಿರುತ್ತಾರೆ. ಆಮೇಲೆ ಗ್ರೂಪಿನಲ್ಲಿ ಕನ್ನಡದಲ್ಲಿ ಗೊಣಗುತ್ತಾರೆ. ಜರ್ಮನಿಯ ಮಕ್ಕಳು ಸಾಮಾನ್ಯವಾಗಿ ನೇರಾನೇರ. ‘ಇದು ಕೆಲಸ ಮಾಡುತ್ತಿಲ್ಲ’ ಅಂದರೆ ಬೈದ ಹಾಗಲ್ಲ ಎಂದು ಮೊದಲೇ ಹೇಳಿಕೊಡಿ. ಇದಕ್ಕೆ ನಾನು ಇಡುವ ನಿಯಮ ಒಂದೇ. ಪ್ರತಿ ಟಿಪ್ಪಣಿಯಲ್ಲಿ ಫ್ರೇಮ್ ನಂಬರ್ ಇರಬೇಕು, ಮೇಲೆ ಒಂದು ಗೆರೆಯಾದರೂ ಎಳೆದಿರಬೇಕು. ‘ಚೆನ್ನಾಗಿದೆ’ ಅನ್ನುವುದಕ್ಕೂ ಇದೇ ನಿಯಮ. ಎಳೆಯುವಾಗ ಭಾಷೆಯ ಅಳುಕು ಇರುವುದಿಲ್ಲ.

ಹಕ್ಕುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಚಿತ್ರದ ಕರ್ತೃ ಅಂದರೆ ನಿರ್ಮಾಪಕ, ಬಿಡಿಸಿದವರಲ್ಲ. ಹಾಗಾಗಿ ಮೂರೂ ಕಾಲೇಜು ಸೇರಿ ಒಂದು ಪುಟದ ಒಪ್ಪಂದ ಬರೆಯಿರಿ. ಹಕ್ಕು ಮೂವರದ್ದು, ಪ್ರತಿ ವಿದ್ಯಾರ್ಥಿಗೂ ತನ್ನ ಶಾಟನ್ನು ಶೋ ರೀಲ್‌ನಲ್ಲಿ (ತನ್ನ ಕೆಲಸದ ಮಾದರಿ ವಿಡಿಯೋದಲ್ಲಿ) ಹಾಕಿಕೊಳ್ಳುವ ಅಧಿಕಾರ, ಕ್ರೆಡಿಟ್‌ನಲ್ಲಿ ಹೆಸರು ಯಾವ ಕ್ರಮದಲ್ಲಿ, ಇಷ್ಟಿರಲಿ. ಚಿತ್ರ ಮುಗಿದ ದಿನವೇ ಯೂಟ್ಯೂಬ್‌ಗೆ ಹಾಕಬೇಡಿ. ಆನ್‌ಲೈನ್‌ನಲ್ಲಿ ಬಂದ ಚಿತ್ರವನ್ನು ಕೆಲವು ಚಿತ್ರೋತ್ಸವಗಳು ತೆಗೆದುಕೊಳ್ಳುವುದಿಲ್ಲ. ಮೊದಲು ಅಲ್ಲಿಗೆ ಕಳಿಸಿ.

ಅಂಕ. ಮುಗಿದ ಚಿತ್ರವನ್ನು ನೋಡಿ ಎಲ್ಲರಿಗೂ ಒಂದೇ ಅಂಕ ಕೊಡಬೇಡಿ, ಶಾಟ್ ಎಷ್ಟು ಚೆಂದ ಅನ್ನುವುದೊಂದನ್ನೇ ನೋಡಿಯೂ ಕೊಡಬೇಡಿ. ನಾನಾದರೆ 100ರಲ್ಲಿ 40 ಅಂಕ ಅವರು ಮಾಡಿದ ಶಾಟಿಗೆ ಇಡುತ್ತೇನೆ. 30 ಅಂಕ ತಮ್ಮ ಊರಿನ ಬಗ್ಗೆ ಕಳಿಸಿದ ರೆಫರೆನ್ಸ್‌ಗೆ. ವಿಡಿಯೋ ಎರಡು ಕೋನದಿಂದ ಇದೆಯೇ, ಅಳತೆ ಇದೆಯೇ, ಅಲ್ಲಿಯವರಿಗೆ ಅರ್ಥವಾಗುವ ಹಾಗಿದೆಯೇ ಎಂದು ನೋಡಿ. ಉಳಿದ 30 ಅವರು ಕೊಟ್ಟ ಟಿಪ್ಪಣಿಗಳಿಗೆ. ಈ ಕೊನೆಯ 30ನ್ನು ನೀವು ಹಾಕಬೇಡಿ. ಆ ಟಿಪ್ಪಣಿ ಹಿಡಿದು ತಿದ್ದಿದ ಮೊಂಬಾಸಾದ ವಿದ್ಯಾರ್ಥಿಯನ್ನು ಕೇಳಿ, ಅಲ್ಲಿನ ಮೇಷ್ಟ್ರು ಹಾಕಲಿ. ಹೊರಗಿನವರು ಹಾಕಿದ ಅಂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ನಿಮ್ಮ ವಿಶ್ವವಿದ್ಯಾಲಯದ ನಿಯಮದಲ್ಲಿ ಅವಕಾಶ ಇದೆಯೇ ಎಂದು ಮಾತ್ರ ಈ ವಾರವೇ ವಿಚಾರಿಸಿ. ಇಲ್ಲದಿದ್ದರೆ ಅದನ್ನು ಆಂತರಿಕ ಮೌಲ್ಯಮಾಪನದೊಳಗೆ ಸೇರಿಸಲು ನಿಮ್ಮ ವಿಭಾಗದ ಮುಖ್ಯಸ್ಥರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.